ನನ್ನನ್ನು ತೊಳೆದ ನೀರು

ನಾನು ಒಂದು ಮೋಟರ್ ಬೈಕು. ಬಣ್ಣ ಕಪ್ಪು ಎಂದು ನನ್ನ ಕಾಗದಪತ್ರಗಳಲ್ಲಿ ಬರೆದಿದೆ. ಈಗ ನೋಡಿದವರು ಅದನ್ನು ನಂಬುವುದಿಲ್ಲ, ಅದು ಬೇರೆ ವಿಷಯ. ಕಾರ್ಖಾನೆಯಲ್ಲಿ ನನ್ನ ಎಲುಬುಗಳನ್ನು ಬೆಸೆದು, ದೊಡ್ಡ ತೊಟ್ಟಿಗಳಲ್ಲಿ ಮುಳುಗಿಸಿ ಎತ್ತಿ, ಒಲೆಯಂಥ ಬಿಸಿ ಕೋಣೆಯಲ್ಲಿ ಒಣಗಿಸಿ ಬಣ್ಣ ಹಚ್ಚಿದರು. ಸೈಲೆನ್ಸರಿನ ಹೊಳಪಿನಲ್ಲಿ ಕೆಲಸಗಾರರು ಮುಖ ನೋಡಿಕೊಂಡು ತಲೆ ಬಾಚುತ್ತಿದ್ದರು. ಆಗ ನನಗೆ ಸೊಕ್ಕು ಇತ್ತು. ಕಬ್ಬಿಣ ಎಂದರೆ ಗಟ್ಟಿ ಎಂದು ಎಲ್ಲರೂ ಹೇಳುತ್ತಾರಲ್ಲ, ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ನನ್ನ ಮೊದಲ ಯಜಮಾನರು ಕಾರ್ಕಳದ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಬಹಳ ಪಾಪದ ಮನುಷ್ಯ. ಮೋಡ ಕಟ್ಟಿದರೆ ನನ್ನನ್ನು ಮನೆಯಲ್ಲಿ ನಿಲ್ಲಿಸಿ ತಾವು ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದರು. ಅಂಥ ಮನೆಯಲ್ಲಿ ಬೈಕು ಮುದಿಯಾಗುವುದಿಲ್ಲ, ಸೋಮಾರಿಯಾಗುತ್ತದೆ. ಅವರ ಕಣ್ಣು ಮಂದವಾದಾಗ ನನ್ನನ್ನು ಮಾರಬೇಕಾಯಿತು. ಕೊಳ್ಳಲು ಬಂದವನ ಅಂಗಿಯಿಂದ ಮೀನಿನ ವಾಸನೆ ಬರುತ್ತಿತ್ತು. ನಾನು ಮೂಗು ಮುರಿದೆ. ಅವನೇ ಹೆರಿಯಣ್ಣ.

ಹೆರಿಯಣ್ಣನ ಮನೆ ಕುಂದಾಪುರದ ಕಡೆಯ ಒಂದು ಪಡುಕೆರೆಯಲ್ಲಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಕಿರಿದಾದ ಮರಳಿನ ಪಟ್ಟಿ. ಬೆಳಿಗ್ಗೆ ಬಂದರಿಗೆ ಹೋಗಿ ಬಂಗುಡೆ, ಬೈಗೆ ಮೀನು ತುಂಬಿಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯನ್ನು ನನ್ನ ಬೆನ್ನಿಗೆ ಕಟ್ಟಿ, ಒಳನಾಡಿನ ಊರುಗಳಲ್ಲಿ ಮನೆಮನೆಗೆ ಮಾರುವುದು ಅವನ ಕಸುಬು. ನನ್ನ ಹಾರ್ನ್ ಕೇಳಿದರೆ ಸಾಕು, ಹೆಂಗಸರು ಪಾತ್ರೆ ಹಿಡಿದು ಬೇಲಿಯ ದಣಪೆಯ ಹತ್ತಿರ ಬರುತ್ತಿದ್ದರು, ಬೆಕ್ಕುಗಳು ಬಾಲ ಎತ್ತಿ ಬಂದು ನಿಲ್ಲುತ್ತಿದ್ದವು. ಮೇಷ್ಟ್ರ ಮನೆಯಲ್ಲಿ ನನ್ನನ್ನು ಯಾರೂ ಹೀಗೆ ಕಾದಿರಲಿಲ್ಲ. ಮೂಗು ಮುರಿದದ್ದಕ್ಕೆ ನನಗೇ ನಾಚಿಕೆಯಾಯಿತು.

ಮೀನಿನ ಗಾಡಿಗೆ ಆಯುಷ್ಯ ಕಡಿಮೆ. ಪೆಟ್ಟಿಗೆಯಿಂದ ಇಳಿಯುವ ಉಪ್ಪುನೀರು ಮಡ್‌ಗಾರ್ಡು, ಚೈನು, ಸ್ಪ್ರಿಂಗುಗಳ ಮೇಲೆ ಹರಿದು ಕಬ್ಬಿಣವನ್ನು ಮೆಲ್ಲಗೆ ತಿನ್ನುತ್ತದೆ. ಉಳಿದದ್ದನ್ನು ಕಡಲ ಗಾಳಿ ನೋಡಿಕೊಳ್ಳುತ್ತದೆ. ಆದರೆ ಹೆರಿಯಣ್ಣ ಹಟ ತೊಟ್ಟಿದ್ದ. ಲಾರಿಯ ಹಳೇ ಟ್ಯೂಬು ಕೊಯ್ದು ಪೆಟ್ಟಿಗೆಯ ಅಡಿಗೆ ಹಾಸಿದ. ಚೈನಿಗೆ ಎಣ್ಣೆ ಬಿಟ್ಟ. ಹೊಳೆಯುವ ಭಾಗಗಳಿಗೆಲ್ಲ ತೆಂಗಿನೆಣ್ಣೆಯ ಬಟ್ಟೆ ಉಜ್ಜಿದ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಸಂಜೆ ನನ್ನನ್ನು ಬಾವಿಕಟ್ಟೆಗೆ ಕರೆದೊಯ್ದು, ನೀರು ಸೇದಿ, ತಲೆಯಿಂದ ಕಾಲಿನವರೆಗೆ ತೊಳೆಯುತ್ತಿದ್ದ.

"ಹೆರಿಯಣ್ಣ, ಮದ್ಮಗನ್ನ ಮೀಯ್ಸಿ ಆಯ್ತಾ?" ಎಂದು ದಾರಿಯಲ್ಲಿ ಹೋಗುವವರು ತಮಾಷೆ ಮಾಡುತ್ತಿದ್ದರು.

"ನಿಮ್ ಹೊಟ್ಟಿಉರಿ ನಂಗ್ ಗೊತ್ತಿಲ್ಯಾ? ಹೋಯ್ನಿ, ಹೋಯ್ನಿ," ಎಂದು ಅವನು ನಗುತ್ತಿದ್ದ.

ಆ ಬಾವಿಯ ಬಗ್ಗೆ ಹೇಳಬೇಕು. ಅದನ್ನು ತೋಡಿದ್ದು ಹೆರಿಯಣ್ಣನ ಅಪ್ಪ ಬಚ್ಚ ಮರಕಾಲರು. ಪಡುಕೆರೆಯ ಉಳಿದ ಬಾವಿಗಳೆಲ್ಲ ಬೇಸಿಗೆಯಲ್ಲಿ ಉಪ್ಪಾಗುತ್ತಿದ್ದವು, ಇದೊಂದು ಸಿಹಿ. ಕೇರಿಗೆ ಕೇರಿಯೇ ಇಲ್ಲಿಗೆ ಕೊಡ ಹಿಡಿದು ಬರುತ್ತಿತ್ತು. ಮರಕಾಲರು ಒಬ್ಬರನ್ನೂ ಬರಿಗೊಡದಲ್ಲಿ ಕಳುಹಿಸಿದವರಲ್ಲ. ಊರಿಗೆ ನಳ್ಳಿ ನೀರು ಬಂದಾಗ ಹೆರಿಯಣ್ಣ, "ನಮ್ಮನಿಗೆ ಬ್ಯಾಡ, ನೀರಿಲ್ದವ್ರಿಗೆ ಕೊಡಿ," ಎಂದು ಪೈಪು ಹಾಕುವವರನ್ನು ವಾಪಸು ಕಳುಹಿಸಿದ. ಅವನಿಗೆ ಜಮೀನಿಲ್ಲ, ಸ್ವಂತ ದೋಣಿಯಿಲ್ಲ. ಸಿಹಿ ಬಾವಿಯ ಮನೆಯವನು ಎಂಬ ಹೆಸರು ಮಾತ್ರ ಇತ್ತು.

ಮರಕಾಲರು ತೀರಿಕೊಂಡ ವರ್ಷವೇ ಆ ಬಾವಿ ಉಪ್ಪಾಯಿತು. ಹೊಳೆ ಕಡಲು ಸೇರುವಲ್ಲಿ ಮರಳು ತೆಗೆದಿದ್ದರು, ಉಬ್ಬರದ ನೀರು ಮೊದಲಿಗಿಂತ ದೂರ ಒಳಗೆ ಬರತೊಡಗಿತ್ತು. ಮೊದಲು ಗೊತ್ತಾದದ್ದು ಹೆರಿಯಣ್ಣನ ಹೆಂಡತಿ ಪದ್ದುವಿಗೆ. ಒಲೆಯ ಮೇಲಿಟ್ಟ ಬೇಳೆ ಎಷ್ಟು ಹೊತ್ತಾದರೂ ಬೇಯಲಿಲ್ಲ. ಆಮೇಲೆ ಕೇರಿಯ ಹೆಂಗಸರಿಗೆ ಗೊತ್ತಾಯಿತು. ಅವರು ಏನೂ ಹೇಳದೆ ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಎಲ್ಲರಿಗೂ ನಳ್ಳಿ ಬಂತಲ್ಲ, ಇನ್ನು ಯಾಕೆ ಬರುತ್ತಾರೆ ಎಂದು ಹೆರಿಯಣ್ಣ ಅಂದುಕೊಂಡ.

ಅವನಿಗೆ ಹೇಳಲು ಪದ್ದುವಿಗೆ ಬಾಯಿ ಬರಲಿಲ್ಲ. ಅಪ್ಪ ಹೋದ ದುಃಖದಲ್ಲಿ ಅನ್ನ ಬಿಟ್ಟು ಕೂತಿದ್ದವನು ಆಗಷ್ಟೇ ಎದ್ದು ಓಡಾಡತೊಡಗಿದ್ದ. ಅವನು ಮೀನು ಮಾರಲು ಹೋದ ಹೊತ್ತಿನಲ್ಲಿ ಪದ್ದು ಪಕ್ಕದ ಮನೆಯ ಗಿರಿಜಕ್ಕನ ನಳ್ಳಿಯಿಂದ ಕುಡಿಯುವ ನೀರು ತಂದು ಅಡುಗೆಮನೆಯ ಕೊಡ ತುಂಬಿಸುತ್ತಿದ್ದಳು. ಬಾವಿಕಟ್ಟೆಯಲ್ಲಿ ಅವನು ಬೊಗಸೆ ಒಡ್ಡುವ ಮೊದಲೇ ಆ ಕೊಡದ ನೀರಿನ ಚೊಂಬು ಹಿಡಿದು ನಿಂತಿರುತ್ತಿದ್ದಳು. ಅವನು ಗಟಗಟ ಕುಡಿದು, "ಕಾಣ್ ಮರಾಯ್ತಿ, ಅಪ್ಪಯ್ಯನ ಬಾವಿ ನೀರಿಗೆ ಬೆಲ್ಲ ಬ್ಯಾಡ," ಎನ್ನುತ್ತಿದ್ದ. ಮೀಯುವಾಗ ಸಾಬೂನು ನೊರೆ ಬಾರದಿದ್ದರೆ ಅಂಗಡಿಯವನನ್ನು ಬೈದು ಬೇರೆ ಸಾಬೂನು ತರುತ್ತಿದ್ದ. ತುಟಿಯ ಮೇಲೆ ಉಪ್ಪು ಹತ್ತಿದರೆ ಇಡೀ ದಿನ ಮೀನಿನ ಪೆಟ್ಟಿಗೆಯೊಂದಿಗೆ ಇರುವವನಿಗೆ ಅದರಲ್ಲೇನು ಹೊಸದು?

ನನಗೆ ಮಾತ್ರ ಮೊದಲ ಕೊಡ ಬಿದ್ದಾಗಲೇ ತಿಳಿಯಿತು. ಮೀನಿನ ನೀರು ನನ್ನ ಹಿಂಬದಿಗೆ ಮಾತ್ರ ಬೀಳುತ್ತಿತ್ತು. ಈ ನೀರು ಹೆಡ್‌ಲೈಟಿನ ಹಿಂದೆ, ಟ್ಯಾಂಕಿನ ಅಡಿಗೆ, ಸೀಟಿನ ಒಳಗೆ, ಎಲ್ಲ ಸಂದಿಗೂ ಹೊಕ್ಕಿತು. ಹ್ಯಾಂಡಲಿನಲ್ಲಿ ಕೆಂಪು ಚುಕ್ಕೆಗಳು ಎದ್ದವು. ಅದನ್ನು ಕಂಡು ಹೆರಿಯಣ್ಣ ಇನ್ನೂ ಎರಡು ಕೊಡ ಹೆಚ್ಚು ಸುರಿದ. ತುಕ್ಕು ಹೆಚ್ಚಿದಷ್ಟೂ ಅವನು ಹೆಚ್ಚು ತೊಳೆದ, ತೊಳೆದಷ್ಟೂ ತುಕ್ಕು ಹೆಚ್ಚಿತು. ಅವನ ಕೈ ಎಷ್ಟು ಮೃದುವಾಗಿತ್ತು ಎಂದರೆ ಆ ನೀರಿನ ಮೇಲೆ ಸಿಟ್ಟು ಮಾಡಲೂ ನನಗೆ ಮನಸ್ಸು ಬರುತ್ತಿರಲಿಲ್ಲ. ಬಾಯಿಯಿಲ್ಲದ ಜನ್ಮ ಎಷ್ಟು ಕಷ್ಟದ್ದು ಎಂದು ನನಗೆ ಗೊತ್ತಾದದ್ದು ಆ ದಿನಗಳಲ್ಲಿ.

ಪದ್ದು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ, "ಹ್ವಾಯ್, ದಿನಾ ಎಂತಕ್ಕೆ ತೊಳಿತ್ರಿ? ವಾರಕ್ಕೊಂದ್ಸಲ ಸಾಕಲ್ದಾ?" ಎಂದಳು.

"ಮೀನಿನ ಗಾಡಿ ಮರಾಯ್ತಿ. ಇದೇ ನಮ್ ಅನ್ನ. ಒಂದಿನ ಬಿಟ್ರೂ ತುಕ್ಕ್ ತಿಂತ್."

ಅವಳು ಒಳಗಿನಿಂದ ಹಳೇ ಸೀರೆಯ ತುಂಡು ತಂದು ನನ್ನನ್ನು ಒರೆಸತೊಡಗಿದಳು. ಆಮೇಲೆ ದಿನವೂ ಒರೆಸಿದಳು. ಬೆರಳು ಹೋಗುವಷ್ಟು ಕಡೆ ಒಣಗಿಸಿದಳು, ಪಾಪ. ಬೆರಳು ಹೋಗದ ಕಡೆ ಉಪ್ಪು ತನ್ನ ಕೆಲಸ ಮಾಡುತ್ತಲೇ ಇತ್ತು.

ಬಿದ್ಕಲ್‌ಕಟ್ಟೆಯ ಆಚೆ ಒಂದು ಏರು ಇದೆ. ಅಲ್ಲಿ, ತುಂಬಿದ ಪೆಟ್ಟಿಗೆ ಹೊತ್ತು ಹತ್ತುವಾಗ, ಸೀಟಿನ ಕೆಳಗೆ ನನ್ನ ಎಲುಬು ಮುರಿಯಿತು. ಹಿಂಬದಿ ಕುಸಿದು ಕೂತಿತು. ಹೆರಿಯಣ್ಣ ರಸ್ತೆಗೆ ಬಿದ್ದ. ಬಂಗುಡೆಗಳೆಲ್ಲ ಮಣ್ಣಿನಲ್ಲಿ ಚೆಲ್ಲಿದವು. ಪಾತ್ರೆ ಹಿಡಿದು ಕಾಯುತ್ತಿದ್ದ ಹೆಂಗಸರು ಓಡಿ ಬಂದು ಅವನನ್ನು ಎಬ್ಬಿಸಿದರು, ಮೀನು ಹೆಕ್ಕಿ ಕೊಟ್ಟರು. ಅವನ ಮೊಣಕಾಲಿನಲ್ಲಿ ರಕ್ತ ಸುರಿಯುತ್ತಿತ್ತು. ಅವನು ಅದನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದ.

ಗ್ಯಾರೇಜಿನ ಡೆನಿಸ್ ಸೀಟು ಬಿಚ್ಚಿ ಒಳಗೆ ಬೆರಳಿನಿಂದ ಒತ್ತಿದ. ಕಬ್ಬಿಣ ಹಪ್ಪಳದ ಹಾಗೆ ಪುಡಿಯಾಯಿತು.

"ಗಾಡಿ ತೊಳುದಿಲ್ಯಾ ಹೆರಿಯಣ್ಣ?"

"ದಿನಾ ತೊಳಿತೆ! ಯಾರ್ ಹತ್ರ ಬೇಕಾರೂ ಕೇಣ್. ಅಪ್ಪಯ್ಯನ ಬಾವಿ ನೀರಲ್ಲೇ ತೊಳಿತೆ!"

ಡೆನಿಸ್ ಟ್ಯಾಂಕು ಎತ್ತಿ ಅದರ ಅಡಿಯಿಂದ ಬಿಳಿಯ ಪುಡಿ ಕೆರೆದು ತೋರಿಸಿದ. "ಮೀನಿನ್ ನೀರ್ ಇಲ್ಲಿಗೆ ಬತ್ತಿಲ್ಲೆ. ಹೆಡ್‌ಲೈಟಿಗೂ ಬತ್ತಿಲ್ಲೆ. ಇದ್ ನೀವ್ ತೊಳ್ದ್ ನೀರಿನ್ ಉಪ್ಪೇ," ಎಂದು ಮೆಲ್ಲಗೆ ಹೇಳಿದ. ಇನ್ನು ನನ್ನನ್ನು ರಿಪೇರಿ ಮಾಡುವುದರಲ್ಲಿ ಅರ್ಥವಿಲ್ಲ ಎಂದೂ ಹೇಳಿದ.

ಗೂಡ್ಸ್ ಆಟೋದಲ್ಲಿ ನನ್ನನ್ನು ಮನೆಗೆ ತಂದರು. ದಾರಿಯುದ್ದಕ್ಕೂ ಹೆರಿಯಣ್ಣ ಡೆನಿಸನನ್ನು ಬೈದ. ಮನೆ ಹತ್ತಿರ ಬಂದಂತೆ ಬೈಗುಳ ಕಡಿಮೆಯಾಯಿತು. ಆಟೋದಿಂದ ಇಳಿದವನು ಕುಂಟುತ್ತಾ ನೇರ ಬಾವಿಗೆ ಹೋಗಿ, ನೀರು ಸೇದಿ, ಬೊಗಸೆಯಲ್ಲಿ ಕುಡಿದ. ಉಗುಳಲಿಲ್ಲ, ನುಂಗಿದ. ಆಮೇಲೆ ಅಡುಗೆಮನೆಗೆ ಹೋಗಿ ಕೊಡದ ನೀರು ಕುಡಿದು ಹೊರಗೆ ಬಂದ. ಪದ್ದು ಅಂಗಳದಲ್ಲಿ ನಿಂತಿದ್ದಳು.

"ಎಷ್ಟ್ ಸಮಯ ಆಯ್ತ್?" ಎಂದು ಕೇಳಿದ.

"ಮಾವ ಹೋದ್ ವರ್ಷದಿಂದ."

"ಎಂತಕ್ಕೆ ಹೇಳ್ಲಿಲ್ಲೆ?"

"ಮಾವ ಹೋದ್ ಮೇಲೆ ನಿಮ್ ಮುಖದಲ್ಲಿ ನಗು ಕಾಂಬುದ್ ಆ ನೀರ್ ಕುಡುವಾಗ ಮಾತ್ರ ಇದ್ದಿತ್ತ್," ಎಂದು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. "ಗಾಡಿ ಹಾಳಾತ್ತ್ ಅಂದೇಳಿ ದಿನಾ ಕಾಂತಿದ್ದೆ. ಆದ್ರೂ ಹೇಳುಕೆ ಆಯ್ಲಿಲ್ಲೆ."

ಅವನು ಬೈಯಲಿಲ್ಲ. ನನ್ನ ಟ್ಯಾಂಕಿನ ಮೇಲೆ ಕೈಯಿಟ್ಟು, "ಹಾಂಗಾರೆ ಇದನ್ನ ಕೊಂದದ್ದ್ ನಾನೇ," ಎಂದ. ಅಲ್ಲ ಎಂದು ಕೂಗಬೇಕು ಅನ್ನಿಸಿತು ನನಗೆ. ಪದ್ದು ಅಷ್ಟು ಜೋಪಾನವಾಗಿ ಮುಚ್ಚಿಟ್ಟ ಮಾತನ್ನು ನಡುರಸ್ತೆಯಲ್ಲಿ ಮುರಿದುಬಿದ್ದು ಹೇಳಿದವನು ನಾನು. ಅವನ ಅಪ್ಪನನ್ನು ಎರಡನೇ ಸಲ ಅವನಿಂದ ಕಿತ್ತುಕೊಂಡವನೂ ನಾನೇ ಎಂದು ಇವತ್ತಿಗೂ ನನಗೆ ದುಃಖವಾಗುತ್ತದೆ.

ಈಗ ನಾನು ಮನೆಯ ಹಿಂದಿನ ಗೋಡೆಗೆ ಒರಗಿಕೊಂಡಿದ್ದೇನೆ. ಚಕ್ರಗಳಿಲ್ಲ. ಹೆರಿಯಣ್ಣ ಬಂದರಿನಲ್ಲಿ ಬೇರೆಯವರ ಮೀನು ಹೊರುತ್ತಾನೆ. ಒಳನಾಡಿನ ಆ ದಣಪೆಗಳ ಹತ್ತಿರ ಈಗ ಯಾರ ಹಾರ್ನ್ ಕೇಳುತ್ತದೋ ನನಗೆ ಗೊತ್ತಿಲ್ಲ. ಗುಜರಿಯವನು ಬಂದು ನನ್ನನ್ನು ತಟ್ಟಿ ನೋಡಿ ಹೋಗಿದ್ದಾನೆ, ಮತ್ತೆ ಬರುತ್ತಾನೆ. ಬರಲಿ. ಆದರೆ ಅದಕ್ಕೆ ಮೊದಲು, ನನ್ನನ್ನು ಮನೆಗೆ ತಂದ ಆ ಸಂಜೆಯದೇ ಒಂದು ಮಾತು ಹೇಳುವುದು ಬಾಕಿ ಇದೆ.

ಕಣ್ಣೊರೆಸಿಕೊಂಡು ಒಳಗೆ ಹೋದ ಪದ್ದು ಕುಡಿಯುವ ನೀರಿನ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. "ಏ, ಕುಡುವ ನೀರದ್, ಬ್ಯಾಡ," ಎಂದು ಹೆರಿಯಣ್ಣ ಹೇಳುತ್ತಿದ್ದಂತೆಯೇ ಇಡೀ ಕೊಡ ನನ್ನ ಮೇಲೆ ಸುರಿದಳು. ಸಿಹಿನೀರು ಎಂದರೆ ಹೇಗಿರುತ್ತದೆ ಎಂಬುದನ್ನೇ ನಾನು ಮರೆತಿದ್ದೆ. ಅದು ನನ್ನ ತೂತುಗಳಲ್ಲಿ ಇಳಿದು, ಕೆಂಪಗಾಗಿ, ಮರಳಿಗೆ ಸೇರಿತು. ಅದರಿಂದ ನನಗೇನೂ ಉಪಯೋಗವಿರಲಿಲ್ಲ. ಆದರೂ ಸುಖವಾಯಿತು.

ಮನೆಯಲ್ಲಿ ಕುಡಿಯಲು ಒಂದು ಹನಿ ನೀರು ಉಳಿಯಲಿಲ್ಲ. ಹೆರಿಯಣ್ಣ ಸ್ವಲ್ಪ ಹೊತ್ತು ಬಾವಿಯನ್ನು ನೋಡಿದ. ಆಮೇಲೆ ಪದ್ದುವಿನ ಕೈಯಿಂದ ಕೊಡ ತೆಗೆದುಕೊಂಡು ಗಿರಿಜಕ್ಕನ ಅಂಗಳಕ್ಕೆ ನಡೆದ. ನಳ್ಳಿಯ ಹತ್ತಿರ ಅಕ್ಕಪಕ್ಕದ ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರ ಹಿಂದೆ ತಲೆ ತಗ್ಗಿಸಿ ನಿಂತ.

ಗಿರಿಜಕ್ಕ ತುಂಬುತ್ತಿದ್ದ ತನ್ನ ಕೊಡವನ್ನು ಬದಿಗೆ ಸರಿಸಿದಳು. "ಮುಂದ್ ಬಾ ಹೆರಿಯ. ನಿಮ್ಮನಿ ನೀರ್ ಕುಡ್ದೇ ನಮ್ ಮಕ್ಳೆಲ್ಲ ದೊಡ್ಡ ಆದದ್ದ್."

ಹೆರಿಯಣ್ಣ ನಳ್ಳಿಯ ಕೆಳಗೆ ಕೊಡ ಇಟ್ಟು ಕೂತ. ಬೇಲಿಯ ಈಚೆಯಿಂದ ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಅದು ಅಲುಗಾಡುತ್ತಿತ್ತು. ಕೊಡ ತುಂಬಿ ನೀರು ಹೊರಗೆ ಹರಿದರೂ ಅವನು ನಳ್ಳಿ ತಿರುಗಿಸಲಿಲ್ಲ. ಗಿರಿಜಕ್ಕನೇ ಬಗ್ಗಿ ತಿರುಗಿಸಿದಳು.