ಬೀಗದವನ ಮನೆಯ ಒಳಚಿಲಕ

‘ಫೋನು ರಿಂಗಾಯಿತು’ ಎಂದು ಶುರು ಮಾಡಲೇ? ಬೇಡ. ಗುರುತಿಲ್ಲದ ನಂಬರಿನಿಂದ ಬಂದ ಕಥೆಯನ್ನು ಈ ಕಾಲದಲ್ಲಿ ಯಾರು ಎತ್ತುತ್ತಾರೆ? ನೀವಂತೂ ಎತ್ತುವುದಿಲ್ಲ. (ಹಾಗೆಂದು ಹೇಳಿಕೊಳ್ಳುತ್ತೀರಿ.)

ಮೊದಲ ಡ್ರಾಫ್ಟಿನಲ್ಲಿ ಒಬ್ಬ ಮುದುಕಿಯಿದ್ದಳು. ಫೋನಿನಲ್ಲಿ ಯಾರೋ ‘ಅಜ್ಜೀ’ ಎಂದ ಕೂಡಲೇ ಕರಗಿ ಎಲ್ಲವನ್ನೂ ಒಪ್ಪಿಸಿಬಿಡುವವಳು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಆಕೆ ಕನ್ನಡಕ ಏರಿಸಿಕೊಂಡು ನನ್ನನ್ನೇ ದುರುಗುಟ್ಟಿಕೊಂಡು ನೋಡಿದಳು.

“ಯಾವಾಗ ನೋಡಿದ್ರೂ ನಾವೇ ಯಾಕಪ್ಪಾ ಮೋಸ ಹೋಗ್ಬೇಕು? ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದೋಳು ನಾನು. ಬೇಕಾದ್ರೆ ನನ್ನ ತಮ್ಮನ್ನ ಹಾಕ್ಕೋ. ತಾನೇ ಬುದ್ಧಿವಂತ ಅನ್ನೋ ಹಮ್ಮು ಅವನಿಗೆ.”

ಪುಟಗಳನ್ನು ಹರಿದೆ. ಇದು ತಮ್ಮನ ಕಥೆ.

೧

ತಮ್ಮ ಬೀಗ ರಿಪೇರಿಯವನು. ಕೀಲಿಕೈ ಕಳೆದುಕೊಂಡವರು ಕರೆದರೆ ಎರಡು ನಿಮಿಷದಲ್ಲಿ ಬಾಗಿಲು ತೆಗೆದುಕೊಟ್ಟು, ಅರ್ಧ ಗಂಟೆ ಭಾಷಣವನ್ನೂ ಪುಕ್ಕಟೆ ಕೊಡುತ್ತಾನೆ. “ಕೀ ಫೋಟೋ ಯಾರಿಗೂ ಕಳಿಸ್ಬೇಡಿ. ಹೂಕುಂಡದ ಕೆಳಗೆ ಇಡ್ಬೇಡಿ, ಕಳ್ಳ ಮೊದಲು ಕೈ ಹಾಕೋದೇ ಅಲ್ಲಿಗೆ.”

ಅವನ ಮನೆಯ ಮುಂಬಾಗಿಲಿಗೆ ಎರಡು ಬೀಗ, ಸಾಲದೆಂದು ತಾನೇ ಮಾಡಿದ ಒಳಚಿಲಕ. ಹಗಲೆಲ್ಲ ಮನೆಯಲ್ಲಿರುವ ಅಕ್ಕನೇ ಅದನ್ನು ಒಳಗಿನಿಂದ ತೆಗೆಯಬೇಕು. ತೆಗೆಯುವ ಮೊದಲು ಹೊರಗೆ ನಿಂತವರು ಒಂದು ಗುಟ್ಟಿನ ಮಾತು ಹೇಳಬೇಕು. ಅದು ಗೊತ್ತಿರುವುದು ಅಕ್ಕ ತಮ್ಮ ಇಬ್ಬರಿಗೇ. (ಯಾವ ಮಾತು ಎಂದು ಕೇಳಬೇಡಿ. ನೀವು ಯಾರೋ ಏನೋ.)

೨

ಸರಿ, ಫೋನು ರಿಂಗಾಯಿತು, ಅಂಗಡಿಯಲ್ಲಿ ಕೂತಿದ್ದ ತಮ್ಮನದು. ಬೇರೆ ದಾರಿಯಿಲ್ಲ.

“ಬೀಗ ತಯಾರಕರ ಸಂಘದಿಂದ ಮಾತಾಡ್ತಿದ್ದೀವಿ ಸರ್. ಎಲ್ಲಕ್ಕಿಂತ ಭದ್ರವಾದ ಮನೆಗೆ ಪ್ರಶಸ್ತಿ ಕೊಡ್ತಿದ್ದೀವಿ. ಯಾರನ್ನ ಕೇಳಿದ್ರೂ ನಿಮ್ಮ ಮನೆಯನ್ನೇ ತೋರಿಸ್ತಾರೆ.”

ಇಲ್ಲಿ ತಮ್ಮ ನನ್ನ ಕೈ ಹಿಡಿದುಕೊಂಡ.

“ಸ್ವಾಮಿ, ಇದನ್ನ ಬರೀಬೇಡಿ. ಬ್ಯಾಂಕಿನವರು ಅಂತ ಹೇಳಿ ಓಟಿಪಿ ಕೇಳಿದ್ರು ಅಂತ ಬರ್ಕೊಳ್ಳಿ. ಅದು ಎಲ್ಲರಿಗೂ ಆಗೋದೇ.”

“ಓಟಿಪಿ ಕೇಳಿದ್ರೆ ಕೊಡ್ತಿದ್ರಾ?”

“ನಾನೇನು ದಡ್ಡನಾ!”

ಅದಕ್ಕೇ ಫೋನಿನವನು ಓಟಿಪಿ ಕೇಳಲಿಲ್ಲ. ಹೊಗಳಿ ಅಟ್ಟಕ್ಕೇರಿಸಿದ. ಒಳಚಿಲಕದ ವಿಷಯ ಬಂದಾಗ “ಅಬ್ಬಬ್ಬಾ, ನಿಮ್ಮದೇ ಡಿಸೈನಾ?” ಎಂದ. ಆಮೇಲೆ ಮೆಲ್ಲಗೆ, “ಆದ್ರೆ ಸರ್, ಯಾರಾದ್ರೂ ನಿಮ್ಮ ಕಡೆಯವರು ಅಂತ ಹೇಳ್ಕೊಂಡು ಬಂದ್ರೆ?”

“ಅಷ್ಟೂ ಯೋಚ್ನೆ ಮಾಡಿರಲ್ವೇನ್ರೀ? ಅದಕ್ಕೂ ವ್ಯವಸ್ಥೆ ಇದೆ.”

ತಮ್ಮ ವ್ಯವಸ್ಥೆಯನ್ನು ವಿವರಿಸಿದ, ಉದಾಹರಣೆ ಸಮೇತ. ಊರ ಬಾಗಿಲಿಗೆಲ್ಲ ಬೀಗ ಹಾಕಿದವನ ಬಾಯಿಗೆ ಮಾತ್ರ ಬೀಗವಿರಲಿಲ್ಲ.

“ಫೋಟೋ ತೆಗೆಯೋಕೆ ಒಬ್ಬರನ್ನ ಕಳಿಸ್ಬೇಕಿತ್ತು. ಈಗ ಮನೇಲಿ ಯಾರಿದ್ದಾರೆ ಸರ್?”

“ಅಕ್ಕ ಒಬ್ಬಳೇ.”

ಲೈನು ಕಟ್ಟಾಯಿತು. ತಮ್ಮ ಒಬ್ಬನೇ ಕೂತು ನಗುತ್ತಿದ್ದ. ಸಮಾರಂಭ ಯಾವತ್ತು ಎಂದು ಕೇಳೋಣವೆಂದು ವಾಪಸು ಫೋನು ಮಾಡಿದ. ಆ ನಂಬರು ಚಾಲ್ತಿಯಲ್ಲೇ ಇರಲಿಲ್ಲ. ಮೊಬೈಲನ್ನು ಮೇಜಿನ ಮೇಲೇ ಬಿಟ್ಟು, ಬೀಗದ ಅಂಗಡಿಗೆ ಬೀಗ ಹಾಕುವುದನ್ನೂ ಮರೆತು ಓಡಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇವನು ಅದನ್ನೂ ಹಾಕಲಿಲ್ಲ.

೩

ಅವನು ಓಡುತ್ತಿರಲಿ. ಅಷ್ಟರಲ್ಲಿ ಮನೆ ಬಾಗಿಲಲ್ಲಿ ಒಬ್ಬ ನಿಂತು ‘ನಿಮ್ಮ ತಮ್ಮ ಕಳಿಸಿದ್ರು’ ಎಂದು ಗುಟ್ಟಿನ ಮಾತನ್ನೂ ಹೇಳಿಯಾಗಿದೆ. ನನ್ನ ಹತ್ತಿರ ಎರಡು ಅಂತ್ಯಗಳಿವೆ.

ಅ) ಅಕ್ಕ ಬಾಗಿಲು ತೆಗೆಯುತ್ತಾಳೆ. (ಓದುಗರು ಕಣ್ಣೊರೆಸಿಕೊಳ್ಳುತ್ತಾರೆ, ನನಗೊಂದು ಬಹುಮಾನ ಬರುತ್ತದೆ.)

ಆ) ಪೊಲೀಸರು ಸರಿಯಾದ ಸಮಯಕ್ಕೆ ಬರುತ್ತಾರೆ. (ನಗಬೇಡಿ.)

ಅಕ್ಕ ಎರಡನ್ನೂ ಒಪ್ಪಲಿಲ್ಲ. ಎಕ್ಸ್‌ಚೇಂಜಿನಲ್ಲಿ ಕಲಿತದ್ದು ಅವಳಿಗೆ ರಕ್ತಗತ: ಕರೆದವನ ಮಾತು ನಂಬಬಾರದು, ನಮ್ಮ ಪುಸ್ತಕದಲ್ಲಿರುವ ನಂಬರಿಗೆ ನಾವೇ ಮಾಡಿ ಕೇಳಬೇಕು.

“ಮಾತೇನೋ ಸರಿಯಾಗಿದೆ. ಒಂದು ನಿಮಿಷ ನಿಲ್ಲಿ, ತಮ್ಮನಿಗೆ ಫೋನ್ ಮಾಡ್ತೀನಿ.”

“ಟೈಮಿಲ್ಲ ಅಮ್ಮಾ! ಅವರಿಗೆ ಆಕ್ಸಿಡೆಂಟ್ ಆಗಿದೆ. ಬೇಗ ಹೊರಡಿ!”

ಅತ್ತ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಅಕ್ಕನ ಕೈ ಚಿಲಕಕ್ಕೆ ಹೋಯಿತು. ನಾನೂ ಬರೆಯುವುದನ್ನು ನಿಲ್ಲಿಸಿದೆ. ಹೆದರಿದ್ದೆ, ಸುಳ್ಳೇಕೆ ಹೇಳಲಿ.

“ಯಾವ ಆಸ್ಪತ್ರೆ?” ಅಕ್ಕ ಚಿಲಕದಿಂದ ಕೈ ತೆಗೆದಳು. “ಹೆಸರು ಹೇಳಿ. ಅಲ್ಲಿಗೇ ಫೋನ್ ಮಾಡಿ ಕೇಳ್ತೀನಿ.”

ಹೊರಗೆ ಮೆಟ್ಟಿಲಿಳಿಯುವ ಸದ್ದಾಯಿತು.

೪

ಐದು ನಿಮಿಷ ಬಿಟ್ಟು ತಮ್ಮ ಏದುಸಿರು ಬಿಡುತ್ತಾ ಬಂದು ಬಾಗಿಲು ಬಡಿದ. ಒಳಗಿನಿಂದ ಅಳು ಕೇಳಿಸಿತು.

“ಫೋನ್ ಯಾಕೋ ಎತ್ತಲಿಲ್ಲ? ನೀನು ಹೋಗೇಬಿಟ್ಟೆ ಅಂದ್ಕೊಂಡೆ ಕಣೋ!”

“ಅಕ್ಕಾ, ನಾನು ಚೆನ್ನಾಗಿದ್ದೀನಿ. ತೆಗಿ.”

ಅಳು ನಿಂತಿತು. “ಆ ಮಾತನ್ನ ಯಾರಿಗೆ ಹೇಳಿದೆ?”

“ಯಾರಿಗೂ ಇಲ್ಲಕ್ಕಾ. ಯಾರೋ ಕದ್ದು ಕೇಳಿಸ್ಕೊಂಡಿರ್ಬೇಕು.”

ಚಿಲಕ ಅಲ್ಲಾಡಲಿಲ್ಲ.

“ಹೇಳಿಬಿಡ್ರೀ,” ಎಂದೆ ನಾನು.

“ನಿಮ್ಮ ಕಥೆ ಮುಗಿಯೋಕೆ ನನ್ನ ಮರ್ಯಾದೆ ಹೋಗ್ಬೇಕಾ?” ಎಂದು ಸಿಡುಕಿದ.

ಕೊನೆಗೆ ನಾನೇ ಬಾಗಿಲು ತಟ್ಟಿದೆ.

“ಯಾರು?”

“ನಿಮ್ಮನ್ನ ಬರೀತಿರೋನು. ನಡೆದಿದ್ದೆಲ್ಲಾ ನಾನು ಹೇಳ್ತೀನಿ, ತೆಗೀರಿ.”

“ಎಲ್ಲರೂ ಹೀಗೇ ಹೇಳೋದು. ನಿಮ್ಮ ಪ್ರಕಾಶಕರು ಯಾರು? ಅವರನ್ನೇ ಕೇಳ್ತೀನಿ.”

ಪ್ರಕಾಶಕರು ನನ್ನನ್ನು ಗುರುತಿಸುವ ಭರವಸೆ ನನಗಿಲ್ಲ. ತಮ್ಮನ ಪಕ್ಕ ಮೆಟ್ಟಿಲ ಮೇಲೆ ಕೂತೆ.

“ಒಪ್ಕೊಂಡ್ರೆ ತೆಗೀತಾಳಾ?” ಎಂದು ಕೇಳಿದ.

“ಗೊತ್ತಿಲ್ಲ.”

ಅವನು ಎದ್ದ. ಬಾಗಿಲಿಗೆ ಹಣೆಯಿಟ್ಟು “ಅಕ್ಕಾ, ನನ್ನನ್ನ ಹೊಗಳಿದ್ರು ಕಣೇ,” ಎಂದ. ಆಮೇಲಿನ ಮಾತು ತುಂಬ ಮೆಲ್ಲಗಿತ್ತು. ಪಕ್ಕದಲ್ಲೇ ಇದ್ದುದರಿಂದ ನನಗೆ ಎಲ್ಲವೂ ಕೇಳಿಸಿತು. ಅದು ಅವರಿಬ್ಬರ ಮನೆಯ ವಿಷಯ, ನಿಮಗೆ ಹೇಳುವುದಿಲ್ಲ.