ನಾಲ್ಕನೆಯ ರೊಟ್ಟಿಯವರೆಗೆ

"ಎರಡು ಬ್ಯಾರೆ ಬ್ಯಾರೆ ಕಂಪನಿ ರ್ಯಾಮ್ ಒಂದ್ರಾಗ ಕೂಡಂಗಿಲ್ರಿ ಅಕ್ಕಾರ. ಹಳೇದು ಒಗೀರಿ, ಹೊಸ ಜೋಡಿ ತಗೋರಿ," ಎಂದ ಕಂಪ್ಯೂಟರ್ ಅಂಗಡಿಯ ಅಖೀಲ. ನಮ್ಮೆದುರೇ ನಾವು ತಂದಿದ್ದ ಕಂಪ್ಯೂಟರಿಗೆ ಎರಡೂ ರ್ಯಾಮ್ ಪಟ್ಟಿ ಹಾಕಿ ಸ್ವಿಚ್ ಒತ್ತಿದ್ದ. ಪರದೆ ಕಪ್ಪಾಗಿಯೇ ಇತ್ತು. ಹತ್ತು ಎಣಿಸುವಷ್ಟರಲ್ಲಿ ಆರಿಸಿಬಿಟ್ಟ.

ಆ ಕಂಪ್ಯೂಟರನ್ನು ಒಂದೊಂದೇ ಭಾಗ ತಂದು ಮಗಳು ಅನುಗ್ರಹಳೇ ಕೂಡಿಸಿದ್ದಳು. ಇವತ್ತು ಐದರೊಳಗೆ ಮನೆಯ ನಕ್ಷೆ ಮುಗಿಸಿ ಕಳಿಸಿದರೆ ಕೆಲಸ ಕೊಡುತ್ತೇನೆ ಎಂದಿದ್ದರು ಭಾಲ್ಕಿಯ ಇಂಜಿನಿಯರೊಬ್ಬರು. ಅದರಲ್ಲಿದ್ದ ಎಂಟು ಜಿಬಿ ರ್ಯಾಮಿನಲ್ಲಿ ನಕ್ಷೆ ಮೆಟ್ಟಿಲಿನವರೆಗೆ ಬಂದು ನಿಂತುಬಿಡುತ್ತಿತ್ತು. ಅದಕ್ಕೇ ಔರಾದದ ನನ್ನ ತಂಗಿ ಫೇತ, ತನ್ನ ಕೆಟ್ಟ ಕಂಪ್ಯೂಟರಿನ ನಾಲ್ಕು ಜಿಬಿ ಪಟ್ಟಿಯನ್ನು ಚಹಾಪುಡಿ ಡಬ್ಬಿಯಲ್ಲಿಟ್ಟು, ಬೆಳಗಿನ ಬಸ್ಸಿನ ಕಂಡಕ್ಟರನ ಕೈಲಿ ಕಳಿಸಿದ್ದಳು.

"ಹಳೇದು ಇಲ್ಲೇ ಬಿಡ್ರಿ, ಗುಜರಿಗೆ ಹಾಕ್ತೇನಿ."

"ಗುಜರಿ ದಾರಿ ನಮಗೂ ಗೊತ್ತದಪ್ಪಾ," ಎಂದು ಪಟ್ಟಿಯನ್ನು ಡಬ್ಬಿಗೆ ಹಾಕಿಕೊಂಡೆ.

ಆಟೋ ಮೈಲೂರಿನ ಮನೆ ಮುಟ್ಟಿದಾಗ ಮೂರು ಗಂಟೆ. ಮತ್ತೆ ಎರಡನ್ನೂ ಹಾಕಿಸಿದೆ. ಕಪ್ಪು ಪರದೆ. ಅನುಗ್ರಹ ಸ್ವಿಚ್ಚಿಗೆ ಕೈ ಚಾಚಿದಳು.

"ಕೈ ತಗಿ."

"ಸುಟ್ರ ಹ್ಯಾಂಗ ಮಮ್ಮಿ? ಇದ್ದದ್ದೂ ಹೋಗ್ತದ."

"ಫ್ಯಾನ್ ತಿರಗ್ಲಿಕತ್ತದ, ಸುಟ್ಟ ವಾಸ್ನಿ ಇಲ್ಲ. ಹತ್ತು ಎಣಿಸೂದ್ರಾಗ ಏನಾಗ್ತದ? ನಾ ರೊಟ್ಟಿ ಬಡೀತೇನಿ. ಅಲ್ಲೀತನಕ ಮುಟ್ಟಬ್ಯಾಡ."

ಮೊದಲ ರೊಟ್ಟಿ ಉಬ್ಬಿತು. ಎರಡನೆಯದಕ್ಕೆ ಫ್ಯಾನ್ ನಿಂತಿತು. ಅನುಗ್ರಹಳ ಮುಖ ಇಳಿಯಿತು. ಅಷ್ಟರಲ್ಲಿ ಅದು ತಾನಾಗಿಯೇ ಮತ್ತೆ ತಿರುಗಿತು. ಅವಳನ್ನೇ ನೋಡುತ್ತ ನಿಂತು ಮೂರನೆಯದನ್ನು ಸೀಯಿಸಿದೆ. ನಾಲ್ಕನೆಯದು ಹಂಚಿನ ಮೇಲಿದ್ದಾಗ ಅವಳ ದನಿ ಬಂತು: "ಹನ್ನೆರಡು ಜಿಬಿ ತೋರಸ್ಲಿಕತ್ತದ ಮಮ್ಮಿ."

ಹಿಟ್ಟಿನ ಕೈಯಲ್ಲೇ ಓಡಿದೆ.

"ಮೊದಲ್ನೇ ಸಲ ಎರಡೂ ಹೊಂದಲಿಕ್ಕ ಟೈಮ್ ತಗೊಂಡಾವ. ಆದ್ರ ನನ್ನ ಹೊಸದೂ ಆ ಹಳೇದರ ಸ್ಪೀಡಿಗೇ ಇಳದದ," ಎಂದಳು.

"ಇಳೀಲಿ. ಚರ್ಚಿನಾಗ ಸಾವಕಾಶ ಹಾಡೋ ರೂತಮ್ಮಜ್ಜಿ ಜೋಡಿ ನೀವು ಹುಡುಗ್ರೂ ಹಂಗೇ ಸಾವಕಾಶ ಹಾಡ್ತೀರಿ. ಹಾಡ ನಿಂತದೇನು?"

ನಕ್ಷೆ ಮೆಟ್ಟಿಲು ದಾಟಿತು, ಛಾವಣಿ ಬಂತು. ಐದಕ್ಕೆ ಹತ್ತು ನಿಮಿಷವಿರುವಾಗ ಭಾಲ್ಕಿಗೆ ಹೋಯಿತು.

ಪರದೆಯ ಫೋಟೋ ತೆಗೆದು ಅಖೀಲನಿಗೆ ಕಳಿಸಿದೆ. "ಎಷ್ಟು ದಿನ ನಡೀತದ ನೋಡೂಣ್ರಿ ಅಕ್ಕಾರ," ಎಂದು ಬರೆದ.

"ಹತ್ತು ಎಣಿಸಿ ಆರಸಲಿಲ್ಲಂದ್ರ ನಡೀತದಪ್ಪಾ," ಎಂದು ಉತ್ತರಿಸಿ, ಸೀದ ರೊಟ್ಟಿಯನ್ನು ನನ್ನ ತಾಟಿಗೇ ಹಾಕಿಕೊಂಡೆ.