ರೀಫಂಡಿನಲ್ಲಿ ರಾಡ್ನಿಯ ಪಾಲು

ಡೊರೀನಳಿಗೂ ರಾಡ್ನಿಗೂ ವಿಚ್ಛೇದನವಾದದ್ದು ಫೆಬ್ರುವರಿಯಲ್ಲಿ. ಆದರೆ ಹಿಂದಿನ ಡಿಸೆಂಬರ್ ಮೂವತ್ತೊಂದಕ್ಕೆ ಅವರಿನ್ನೂ ಗಂಡ ಹೆಂಡತಿ. ತೆರಿಗೆಯವರಿಗೆ ಅಷ್ಟು ಸಾಕು, ವರ್ಷವಿಡೀ ಅನ್ಯೋನ್ಯವಾಗಿ ಬಾಳಿದಂತೆಯೇ ಲೆಕ್ಕ. ಜಂಟಿ ರಿಟರ್ನ್ ಸಲ್ಲಿಸಿದರೆ ಹೆಚ್ಚು ದುಡ್ಡು ವಾಪಸು ಬರುತ್ತದೆಂದು ಗೊತ್ತಾದದ್ದೇ ತಡ, ಒಂದೇ ಕೋಣೆಯಲ್ಲಿ ಕೂರಲೊಲ್ಲದ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದರು. ಹನ್ನೆರಡು ವರ್ಷದ ಸಂಸಾರದಲ್ಲಿ ಅವರಿಗೆ ಒಮ್ಮತ ಮೂಡಿದ್ದು ಅದೊಂದರಲ್ಲೇ ಇರಬೇಕು.

ಬರಬೇಕಾದದ್ದು ನಾಲ್ಕು ಸಾವಿರದ ನೂರ ಎಂಬತ್ತು ಡಾಲರ್. ಸಮಪಾಲು ಎಂದು ಕೋರ್ಟಿನ ಆದೇಶದಲ್ಲಿತ್ತು. ರಾಡ್ನಿಗೆ ಇದು ಘೋರ ಅನ್ಯಾಯವಾಗಿ ಕಂಡಿತು. ಮನೆಮನೆಗೆ ಹೋಗಿ ಗ್ಯಾರೇಜಿನ ಬಾಗಿಲು ಕೂರಿಸುವ ಅವನ ಸಂಬಳ, ಟೊಲೀಡೊ ಊರಿನ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿಯುವ ಡೊರೀನಳ ಸಂಬಳಕ್ಕಿಂತ ತುಸು ಹೆಚ್ಚು. ಆ ತುಸುವಿನ ಹಿರಿಮೆಯನ್ನು ವಾರಕ್ಕೆರಡು ಸಲ ಫೋನಿನಲ್ಲಿ ವಿವರಿಸುತ್ತಿದ್ದ.

ಏಪ್ರಿಲಿನಲ್ಲಿ ದುಡ್ಡಿನ ಬದಲು ಪತ್ರ ಬಂತು. ರಾಡ್ನಿ ತನ್ನ ಮೊದಲ ಹೆಂಡತಿ ಟ್ರೂಡಿಗೆ ಮಗಳ ಪೋಷಣೆಯ ಹಣ ಬಾಕಿ ಉಳಿಸಿಕೊಂಡಿದ್ದಾನೆ, ಆದ್ದರಿಂದ ಪೂರ್ತಿ ರೀಫಂಡನ್ನು ಅದಕ್ಕೆ ಹಿಡಿದುಕೊಳ್ಳಲಾಗಿದೆ. ಡೊರೀನ್ ಕೂಡಲೇ ಅವನಿಗೆ ಫೋನ್ ಮಾಡಿದಳು.

"ಟ್ರೂಡಿ ಲೆಕ್ಕ ಎಲ್ಲಾ ಮುಗ್ದಿದೆ ಅಂದಿದ್ಯಲ್ಲೋ?"

"ಮುಗ್ದ ಹಾಗೇ ಇತ್ತು ಕಣೆ. ಅವಳು ಕೇಳೋದು ಬಿಟ್ಟಿದ್ಲು."

ಕೇಳುವುದನ್ನು ಬಿಟ್ಟರೆ ಸಾಲ ತೀರುತ್ತದೆ ಎಂಬ ಅರ್ಥಶಾಸ್ತ್ರ ಕೇಳಿ ಡೊರೀನ್ ಫೋನಿಟ್ಟಳು. ಟ್ರೂಡಿಯ ನಂಬರು ಹುಡುಕಿ ಕರೆ ಮಾಡಿದಳು. ಇಷ್ಟು ವರ್ಷ ಆ ಹೆಂಗಸಿನ ಬಗ್ಗೆ ರಾಡ್ನಿಯ ಬಾಯಿಂದ ಕೇಳಿದ್ದಷ್ಟೇ: ಜಗಳಗಂಟಿ, ದುಡ್ಡಿನ ಪಿಶಾಚಿ. ಈಗ ಊರೆಲ್ಲ ತನ್ನ ಬಗ್ಗೆಯೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು.

"ನಿನ್ನ ದುಡ್ಡು ನಂಗೆ ಬೇಡಮ್ಮ," ಎಂದಳು ಟ್ರೂಡಿ. "ಅವನದ್ದು ಬೇಕು. ನನ್ನ ಮಗಳಿಗೆ ಈಗ ಇಪ್ಪತ್ತಮೂರು, ಅವಳ ಹಲ್ಲಿಗೆ ತಂತಿ ಹಾಕಿಸಿದ ಸಾಲ ಮೊನ್ನೆ ತೀರ್ತು. ಗಂಡನ ಸಾಲಕ್ಕೆ ಸಿಕ್ಕಿಕೊಂಡವರು ತಮ್ಮ ಪಾಲು ಬಿಡಿಸ್ಕೊಳ್ಳೋಕೆ ಒಂದು ಫಾರಂ ಇದೆ, ತುಂಬು."

"ನಿನಗೆ ಕೋಪ ಇಲ್ವಾ ನನ್ನ ಮೇಲೆ?"

"ನನ್ನಿಂದ ಅವನನ್ನ ಕರ್ಕೊಂಡು ಹೋದೆಯಲ್ಲ, ಆ ಉಪಕಾರಕ್ಕೆ ಕೋಪ ಯಾಕೆ?"

ಡೊರೀನ್ ಫಾರಂ ತುಂಬಿದಳು. ಜುಲೈನಲ್ಲಿ ಅವಳ ಹೆಸರಿಗೆ ಸಾವಿರದ ಒಂಬೈನೂರ ತೊಂಬತ್ತು ಡಾಲರಿನ ಚೆಕ್ಕು ಬಂತು. ಉಳಿದದ್ದು ಟ್ರೂಡಿಯ ಬಾಕಿಗೆ ಜಮೆಯಾಯಿತು. ಯಾರು ಹೇಳಿದರೋ, ಮೂರೇ ದಿನಕ್ಕೆ ರಾಡ್ನಿಯ ಫೋನು.

"ಆದೇಶದಲ್ಲಿ ಏನಿದೆ? ರೀಫಂಡು ಸಮಪಾಲು. ಬಂದಿದ್ದರಲ್ಲಿ ಅರ್ಧ ನಂದು."

"ನಿನ್ನ ಪಾಲು ಟ್ರೂಡಿಗೆ ಹೋಯ್ತಲ್ಲ."

"ಅದು ಅವಳಿಗೆ ಹೋಗಿದ್ದು. ನನ್ನ ಕೈಗೆ ಬಂತಾ?"

ಕಾನೂನಿನ ಮೇಲೆ ಅವನಿಗೆ ಎಂಥ ಭಕ್ತಿ ಹುಟ್ಟಿತೆಂದರೆ, ಸ್ವಂತ ಖರ್ಚಿನಲ್ಲಿ ಅರ್ಜಿ ಹಾಕಿದ. ಆಗಸ್ಟಿನಲ್ಲಿ ಇಬ್ಬರೂ ಮತ್ತೆ ಅದೇ ಕೋರ್ಟಿನಲ್ಲಿ ನಿಂತರು. ನ್ಯಾಯಾಧೀಶೆ ಕನ್ನಡಕ ಏರಿಸಿಕೊಂಡು ಪತ್ರಗಳನ್ನು ಓದಿದರು.

"ನಿಮ್ಮ ಸಾಲಕ್ಕೆ ಎಷ್ಟು ಹೋಯ್ತು?"

"ಎರಡು ಸಾವಿರದ ನೂರ ತೊಂಬತ್ತು, ಮೇಡಂ."

"ನಿಮ್ಮ ಸಾಲ ತೀರಿದ್ರೆ ನಿಮಗೆ ಬಂದ ಹಾಗೇ. ಅರ್ಧ ಅಂದ್ರೆ ಎರಡು ಸಾವಿರದ ತೊಂಬತ್ತು. ನಿಮಗೆ ನೂರು ಜಾಸ್ತಿ ಸಿಕ್ಕಿದೆ, ಇವರಿಗೆ ನೂರು ಕಮ್ಮಿ. ಸಮಪಾಲು ನೀವೇ ಕೇಳಿದ್ದೀರಿ, ಕೊಡಿ."

ಡೊರೀನಳಿಗೇ ಹೊಳೆಯದ ಲೆಕ್ಕವದು.

ಹೊರಗೆ ಮೆಟ್ಟಿಲ ಮೇಲೆ ಅವನು ತಲೆ ಕೆರೆದುಕೊಂಡ. "ಮುಂದಿನ ವರ್ಷ ರೀಫಂಡ್ ಬಂದಾಗ ಕೊಡ್ಲಾ?"

"ಅದಕ್ಕೆ ಟ್ರೂಡಿ ಮೊದಲೇ ಕ್ಯೂ ನಿಂತಿದಾಳೆ. ಈಗ್ಲೇ ತೆಗಿ."

ಪರ್ಸು ಬಿಚ್ಚಿ ಇಪ್ಪತ್ತರ ಐದು ನೋಟು ತೆಗೆದ. ನಾಲ್ಕನ್ನು ಕೊಟ್ಟು ಐದನೆಯದನ್ನು ಹಿಡಿದುಕೊಂಡೇ, "ಗಾಡಿಗೆ ಪೆಟ್ರೋಲ್ ಇಲ್ಲ ಕಣೆ," ಎಂದ.

ಹನ್ನೆರಡು ವರ್ಷ ಇದೇ ಸ್ವರಕ್ಕೆ ಅವಳು ಕರಗಿದ್ದಳು. ಈಗ ಆ ಸ್ವರ ಯಾರದೋ ಮನೆಯ ರೇಡಿಯೋದಂತೆ ಕೇಳಿಸಿತು. ಚಾಚಿದ ಕೈಯನ್ನು ಅವಳು ಹಿಂತೆಗೆಯಲಿಲ್ಲ. ನೋಟು ಅಂಗೈಗೆ ಬಿದ್ದ ಮೇಲೆ, ಬಸ್ ನಿಲ್ದಾಣ ಯಾವ ಕಡೆಗಿದೆ ಎಂದು ಅವನಿಗೆ ಸವಿವರವಾಗಿ, ಬಹಳ ಮರ್ಯಾದೆಯಿಂದ ತೋರಿಸಿಕೊಟ್ಟಳು.